ಉಳಿದುಹೋದ ಕಣ್ಣೀರು: ಸಕಲ ಮೃತರ ಸ್ಮರಣೆಯ ಪ್ರಬೋಧನೆ



ಇಂದು ನವೆಂಬರ್ 2. ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಮ್ಮ ಮೃತರಿಗಾಗಿ ಪ್ರಾರ್ಥಿಸುವ ದಿನ. ಆದರೆ 2020 ಮತ್ತು 2021ರಲ್ಲಿ ಕೊರೊನಾದಿಂದ ತೀರಿಹೋದವರನ್ನು ನೆನೆಯುವಾಗ ನಮ್ಮ ದುಃಖವೇ ಬೇರೆ. ಅಂದು ನಾವು ಅವರಿಗೆ ಕೊನೆಯ ಸ್ನಾನ ಮಾಡಿಸಲಿಲ್ಲ, ಹಣೆಗೆ ಮುತ್ತಿಡಲಿಲ್ಲ. ಮುಟ್ಟಬಾರದೆಂಬ ನಿಯಮವಿತ್ತು. ಲಾಕ್‌ಡೌನ್ ಆದೇಶದಂತೆ ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ರೋಗ ಹರಡದಿರಲು ಅದು ಬೇಕಿತ್ತು, ನಿಜ. ಆದರೂ ಏಳನೆಯ ದಿನದ ಪೂಜೆ, ಬಂದುಹೋಗುವ ನೆಂಟರು, ನಮ್ಮ ಅಡುಗೆಮನೆಗೆ ಬಂದು ಗಂಜಿ ಕಾಯಿಸುವ ನೆರೆಮನೆಯಾಕೆ, ಇವೆಲ್ಲ ಬರೀ ಆಚಾರವಲ್ಲ. ಅಳುವವರನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದೇ ಇವು. ಅಂದು ಇವಾವುದೂ ಇರಲಿಲ್ಲ. ಹಾಗಾಗಿ ಆ ಅಳು ಎಷ್ಟೋ ಮನೆಗಳಲ್ಲಿ ಇಂದಿಗೂ ಒಳಗೇ ಉಳಿದಿದೆ.

ಸರ್ಕಾರದ ಲೆಕ್ಕದಲ್ಲೇ ದೇಶದಲ್ಲಿ 5 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ ಕೊರೊನಾಗೆ ಬಲಿಯಾದರು. ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಶೇ. 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2019ರಲ್ಲಿ ಭಾರತದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,39,123 ಮಂದಿ, 2021ರಲ್ಲಿ 1,64,033. ಇವರಲ್ಲಿ ನಾಲ್ವರಿಗೊಬ್ಬರು ದಿನಗೂಲಿಯವರು. ಎಲ್ಲಕ್ಕೂ ಕೊರೊನಾವೇ ಕಾರಣ ಎನ್ನಲಾಗದು. ಆದರೆ ಕೂಲಿ ನಿಂತ ಆ ದಿನಗಳಿಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಪ್ರಭು ಯೇಸು ಬೆಥಾನಿಯಕ್ಕೆ ಬರುವಾಗ ಲಾಜರನನ್ನು ಸಮಾಧಿಮಾಡಿ ನಾಲ್ಕು ದಿನಗಳಾಗಿದ್ದವು. ಮರ್ತಾ ನೇರವಾಗಿ ದೂರುತ್ತಾಳೆ: ತಾವು ಇಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು. ಪ್ರಭು ಆಕೆಯ ಬಾಯಿ ಮುಚ್ಚಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲೇ ಲಾಜರನನ್ನು ಎಬ್ಬಿಸಲಿದ್ದೇನೆಂದು ತಿಳಿದೂ ಅವರು ಕಣ್ಣೀರಿಟ್ಟರು. ಹಾಗಿದ್ದ ಮೇಲೆ ಅಳುವುದು ವಿಶ್ವಾಸದ ಕೊರತೆ ಹೇಗಾದೀತು? ಪ್ರವಾದಿ ಎಲೀಯ ಪೊದೆಯ ಕೆಳಗೆ ಕುಳಿತು ಸಾವನ್ನೇ ಬೇಡಿದಾಗ ದೇವದೂತ ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ, ಮಲಗಲು ಬಿಟ್ಟ.

ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರನ್ನು ನಾವಾರೂ ಅವಿಶ್ವಾಸಿಗಳೆನ್ನುವುದಿಲ್ಲ. ಮನಸ್ಸಿನ ಕಾಯಿಲೆಗೆ ಮಾತ್ರ ಜಪಸರ ಸಾಕೆನ್ನುತ್ತೇವೆ! ಜಪಸರವೂ ಇರಲಿ, ವೈದ್ಯರೂ ಇರಲಿ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲೇ, ಮಾನಸಿಕ ತೊಂದರೆಯಿದ್ದವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅದು ಕೊರೊನಾ ಬರುವ ಮೊದಲಿನ ಮಾತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಸೇವೆ ಆರಂಭಿಸಿತು. ಸಂಖ್ಯೆ 14416. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡೋಣ.

ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಮನೆಯವರು ಇಂದು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರಬೇಕಿಲ್ಲ. ತೀವ್ರ ಮಾನಸಿಕ ಕ್ಷೋಭೆ ಅಂಥವರ ಹೊಣೆಯನ್ನು ಕಡಿಮೆ ಮಾಡುತ್ತದೆಂದೂ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಧರ್ಮಸಭೆಯ ಧರ್ಮೋಪದೇಶವೇ ಹೇಳುತ್ತದೆ. ಧರ್ಮಸಭೆ ಅವರಿಗಾಗಿಯೂ ಪ್ರಾರ್ಥಿಸುತ್ತದೆ.

ಬಲಿಪೂಜೆಯ ನಂತರ ಸಮಾಧಿಗಳ ಆಶೀರ್ವಾದವಿದೆ. ಮೃತರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತೇವೆ. ದೂರದ ಊರಲ್ಲಿ ಯಾರೂ ಜೊತೆಗಿಲ್ಲದೆ ಮಣ್ಣಾದವರು, ದಹನವಾದವರು, ಇಲ್ಲಿ ಸಮಾಧಿಯೇ ಇಲ್ಲದವರು, ಅವರ ಹೆಸರುಗಳನ್ನೂ ಚೀಟಿಯಲ್ಲಿ ಬರೆದು ಪೀಠದ ಬಳಿ ಇಡಿ. ಹೊತ್ತಾದರೆ ಆಗಲಿ, ಎಲ್ಲವನ್ನೂ ಓದೋಣ.