ರದ್ದಿ ಕಾಗದದಾಗ ಸಿಕ್ಕ ಬದುಕು
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನಾನು ಹೇಳೋದು ಆಕ್ಟೇವಿಯಾ ಬಟ್ಲರ್ ಅನ್ನೋ ಕಪ್ಪು ಹೆಣ್ಣುಮಗಳ ಬಗ್ಗೆ. 1947ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಹುಟ್ಟಿದಾಕಿ. ಅಪ್ಪ ಬೂಟ್ ಪಾಲಿಶ್ ಮಾಡ್ತಿದ್ದ, ಈಕಿ ಸಣ್ಣಾಕಿ ಇದ್ದಾಗಲೇ ತೀರಿಕೊಂಡ. ತಾಯಿ ಬಿಳಿಯರ ಮನೆಗೆಲಸದಾಕಿ. ಹಿಂಬಾಗಿಲಿಂದ ಒಳಗ ಹೋಗಬೇಕು, ಅಂದದ್ದನ್ನು ಕೇಳಿಯೂ ಕೇಳದಂಗ ಇರಬೇಕು. ಆ ಮನೆಯವರು ಬಿಸಾಡಿದ ಪುಸ್ತಕಗಳನ್ನ ಮಗಳಿಗೆ ತಂದು ಕೊಡ್ತಿದ್ದಳು.

ಮಗಳು ಬರೆದದ್ದು ವಿಜ್ಞಾನ ಕಥೆ, ಕಾದಂಬರಿ. ಪಾತ್ರೆ ತೊಳೆದಳು, ಆಲೂ ಚಿಪ್ಸ್ ಪರೀಕ್ಷಿಸೋ ಕೆಲಸ ಮಾಡಿದಳು. ನಸುಕಿನ ಎರಡು ಗಂಟೆಗೆ ಎದ್ದು ಬರೀತಿದ್ದಳು. ಕಾಲೇಜಿನಾಗ ಒಬ್ಬ ಕಪ್ಪು ಹುಡುಗ, 'ಇಷ್ಟು ವರ್ಷ ತಲೆತಗ್ಗಿಸಿದ ನಮ್ಮ ಹಿರೇರೇ ನಮ್ಮನ್ನ ಹಿಂದ ಎಳದರು' ಅನ್ನೋ ಮಾತಾಡಿದನಂತ. ಆಕಿಗೆ ತಾಯಿ ಕಣ್ಣಮುಂದೆ ಬಂದಳು. ಆ ತಾಯಿ ತಗ್ಗಿದ್ದರಿಂದಲೇ ಮನ್ಯಾಗ ಒಲಿ ಹೊತ್ತಿತ್ತಲ್ಲ? ಅದಕ್ಕ ಉತ್ತರವಾಗಿ 1979ರಲ್ಲಿ ಬಂದದ್ದು 'ಕಿಂಡ್ರೆಡ್' ಕಾದಂಬರಿ. 1976ರ ಒಬ್ಬ ಕಪ್ಪು ಹೆಂಗಸು ಗುಲಾಮಗಿರಿ ಕಾಲದ ಮೇರಿಲ್ಯಾಂಡಿಗೆ ಎಳೆದೊಯ್ಯಲ್ಪಡ್ತಾಳ. ಅಲ್ಲಿ ಜೀವ ಉಳಿಸಿಕೊಳ್ಳೋದಂದ್ರೆ ಏನಂತ ಮೈಮೇಲೆ ಬಂದಾಗ ತಿಳೀತದ. ನಮ್ಮ ಹುಡುಗರೂ ಮುತ್ಯಾನ ಬಗ್ಗೆ ಹಂಗೇ ಮಾತಾಡೋದು ಕೇಳೀನಿ. ಈ ಪುಸ್ತಕ ಓದ್ರಿ.

1995ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಆಕಿಗೆ ಸಿಕ್ಕಿತು. ವಿಜ್ಞಾನ ಕಥೆಗಾರರಲ್ಲಿ ಮೊದಲನೇ ಹೆಸರು. 2006ರಲ್ಲಿ ತೀರಿಕೊಂಡಳು.

ಇನ್ನ ನಾನು ಹೇಳಬೇಕೆಂದದ್ದು. ಆಕಿ ಕಾಗದ ಬಿಸಾಡತಿರಲಿಲ್ಲ. ನೋಟ್‌ಬುಕ್, ರಸೀದಿ, ಕಿರಾಣಿ ಪಟ್ಟಿ, ಲೈಬ್ರರಿ ಚೀಟಿ, ತಿಂಗಳ ಖರ್ಚಿನ ಲೆಕ್ಕ, ಎಲ್ಲಾ ಇಟ್ಟಳು. ಈಗ ಅದೆಲ್ಲ ಪಸಡೀನಾ ಪಕ್ಕದ ಹಂಟಿಂಗ್ಟನ್ ಲೈಬ್ರರಿಯಲ್ಲಿದೆ: 300ಕ್ಕೂ ಹೆಚ್ಚು ಪೆಟ್ಟಿಗೆ, 8,000ಕ್ಕೂ ಹೆಚ್ಚು ವಸ್ತು. ರೈಲ್ವೆ ಸಾಹುಕಾರನೊಬ್ಬ ಕಟ್ಟಿಸಿದ ಜಾಗ ಅದು. ಅಲ್ಲಿ ಮನೆಗೆಲಸದಾಕಿ ಮಗಳ ಕಿರಾಣಿ ಪಟ್ಟಿ!

ಲಾಸ್ ಏಂಜಲೀಸಿನ ಪತ್ರಕರ್ತೆ ಲಿನೆಲ್ ಜಾರ್ಜ್, ತಾನೂ ಕಪ್ಪು ಹೆಣ್ಣುಮಗಳು, ಆ ಪೆಟ್ಟಿಗೆಗಳ ಮುಂದೆ ಕೂತು 2020ರಲ್ಲಿ ಒಂದು ಪುಸ್ತಕ ತಂದಳು. ಹುಟ್ಟು, ಮದುವೆ, ಸಾವು ಅಂತ ಸಾಲಾಗಿ ಬರೆಯಲಿಲ್ಲ. ರೊಕ್ಕ ಇಲ್ಲದಾಕಿ ದಿನಾ ಹೆಂಗ ಬರಹಗಾರ್ತಿ ಆದಳು ಅನ್ನೋದನ್ನ ಆ ಚೀಟಿಗಳಿಂದಲೇ ಎತ್ತಿ ತೋರಿಸಿದಳು. ಗೆರಿ ಕೆನವನ್ ಅನ್ನೋ ಪ್ರಾಧ್ಯಾಪಕರು 2016ರಲ್ಲೇ ಆ ಕಾಗದ ಶೋಧಿಸಿ, ಆಕಿ ಮತ್ತೆ ಮತ್ತೆ ಶುರುಮಾಡಿ ಮುಗಿಸಲಾಗದೇ ಬಿಟ್ಟ ಕಾದಂಬರಿಗಳ ಕಥೆ ಬರೆದಿದ್ದರು. ನನಗ ಅದು ಪ್ರಶಸ್ತಿಗಿಂತ ಹೆಚ್ಚು ಇಷ್ಟ. 1988ರ ಒಂದು ನೋಟ್‌ಬುಕ್ಕಿನಲ್ಲಿ ಆಕಿ, ತನ್ನ ಪುಸ್ತಕ ಲಕ್ಷಾಂತರ ಜನ ಓದತಾರ, ಬಡ ಕಪ್ಪು ಮಕ್ಕಳನ್ನ ಬರವಣಿಗೆ ಶಿಬಿರಕ್ಕ ಕಳಿಸತೀನಿ ಅಂತ ತನಗೇ ಬರೆದುಕೊಂಡಿದ್ದಳು. ಈಗ ಆಕಿ ಹೆಸರಲ್ಲೇ ಅಂಥಾ ವಿದ್ಯಾರ್ಥಿವೇತನ ಅದ.

ನಮ್ಮಲ್ಲೂ ಈ ಕೆಲಸ ಆಗ್ಯದ. ಚಾಂಗದೇವ ಖೈರಮೋಡೆ ಬಾಬಾಸಾಹೇಬರ ಚರಿತ್ರೆಯ ಮೊದಲ ಸಂಪುಟ ತಂದದ್ದು 1952ರಲ್ಲಿ, ಬಾಬಾಸಾಹೇಬರು ಇನ್ನೂ ಇದ್ದಾಗ. ಒಟ್ಟು 12 ಸಂಪುಟ ಆದವು. ಆದರೆ ನಮ್ಮ ಓಣಿಯೊಳಗ ಮೊದಲು ಮೆಟ್ರಿಕ್ ಪಾಸಾದವರ ಸರ್ಟಿಫಿಕೇಟ್ ಎಲ್ಲದ? ಹಾಸ್ಟೆಲಿನಿಂದ ಮನೆಗೆ ಬರೆದ ಕಾರ್ಡು? ದೀಪಾವಳಿಗೆ ಮನೆ ಸುಣ್ಣ ಹೊಡಿವಾಗ ರದ್ದಿಯವನಿಗೆ ಕಿಲೋ ಲೆಕ್ಕದಾಗ ಹೋಗತಾವ.

ಸಂಘದ ಆಫೀಸಿನ ಕಪಾಟಿನ ಕೆಳಗಿನ ಎರಡು ಖಾನೆ ಖಾಲಿ ಮಾಡಿಸೀವಿ. ತಂದು ಕೊಡ್ರಿ. ಮರಾಠಿ, ಮೋಡಿ, ಕನ್ನಡ, ಯಾವುದಾದರೂ ಆಗಲಿ. ಯಾರದು, ಯಾವ ಇಸವಿ ಅಂತ ಹಿಂದೆ ಪೆನ್ಸಿಲಿನಿಂದ ಬರೀರಿ, ಪೆನ್ನು ಬ್ಯಾಡ.