ಕೋಡಿಬೆಂಗ್ರೆಯ ಬಾಡಿಗೆ ಮನೆ, ಒಂದು ಚಾಪೆ ಒಣಮೀನು

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿದ್ರೆ ಇಯರ್‌ಫೋನ್ ಸರಿ ಮಾಡ್ಕೊಳ್ಳಿ. ಇವತ್ತು ಸಮುದ್ರದ ಕಡೆ ಹೋಗೋಣ.

ಮೇ ತಿಂಗಳು. ವಾರಗಟ್ಟಲೆ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಲ್ಯಾಪ್‌ಟಾಪ್ ಬೆಂಗಳೂರಲ್ಲೇ ಬಿಟ್ಟು ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಗೆ ಹೋದೆ. ಮಲ್ಪೆಯಿಂದ ಕಡಲ ಪಕ್ಕದಲ್ಲೇ ಉತ್ತರಕ್ಕೆ ಹೋದ್ರೆ ಸಿಗೋ ಮೀನುಗಾರರ ಊರು. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸ್ವರ್ಣಾ ನದಿ, ನಡುವೆ ಪಟ್ಟಿಯಷ್ಟು ನೆಲ. ಸೂರ್ಯ ನದಿ ಕಡೆಯಿಂದ ಬರ್ತಾನೆ, ಸಮುದ್ರಕ್ಕೆ ಇಳೀತಾನೆ.

ನಾನಿದ್ದದ್ದು ಒಂದು ಮೀನುಗಾರ ಕುಟುಂಬದ ಹೆಂಚಿನ ಮನೆಯಲ್ಲಿ. ಎಸಿ ಇಲ್ಲ, ಕಿಟಕಿ ತೆಗೆದ್ರೆ ಗಾಳಿ. ಮೊದಲ ರಾತ್ರಿ ಹತ್ತು ಗಂಟೆ ನಿದ್ದೆ ಮಾಡಿದೆ. ಎದ್ದಾಗ ಮನೆಯ ಅಕ್ಕ ಕುಚ್ಚಲಕ್ಕಿ ಗಂಜಿ, ಬಂಗುಡೆ ಸಾರು ಇಟ್ಟಿದ್ರು. ಸ್ವರ್ಗ!

ಎರಡನೇ ದಿನ ಅಂಗಳದ ತುಂಬಾ ಒಣಮೀನಿನ ವಾಸನೆ. ‘ಅಕ್ಕಾ, ಇದನ್ನ ಸ್ವಲ್ಪ ಆಚೆ ಇಡೋಕಾಗುತ್ತಾ?’ ಅಂದೆ. ಅವರು ಏನೂ ಹೇಳದೆ ಚಾಪೆ ಎಳ್ಕೊಂಡು ಮನೆಯ ಹಿಂದಕ್ಕೆ ಹೋದ್ರು.

ಮಧ್ಯಾಹ್ನ ಕುಡಿಯೋ ನೀರು ಕೇಳೋಕೆ ನಾನೂ ಹಿಂದಕ್ಕೆ ಹೋದೆ. ಅಲ್ಲಿ ಪೂರ್ತಿ ತೆಂಗಿನ ನೆರಳು. ಅಕ್ಕ ಬಿಸಿಲಿನ ತುಂಡು ಹುಡುಕ್ತಾ ಚಾಪೆ ಜರುಗಿಸ್ತಾ ಇದ್ರು, ಕಾಗೆ ಓಡಿಸ್ತಾ ಇದ್ರು. ಪಕ್ಕದ ಶೀಟಿನ ಕೋಣೆಯಲ್ಲಿ ಮಡಚಿಟ್ಟ ಹಾಸಿಗೆ, ಮಕ್ಕಳ ಶಾಲೆ ಚೀಲ. ನಾನು ಮಲಗ್ತಿದ್ದದ್ದು ಅವರ ಕೋಣೆಯಲ್ಲಿ ಅಂತ ಆಗ ಗೊತ್ತಾಯ್ತು.

‘ಮಳೆಗಾಲಕ್ಕೆ ಬೇಕಲ್ವಾ, ಅದಕ್ಕೆ ಒಣಗಿಸುದು’ ಅಂದ್ರು.

ವಿಷಯ ಏನಂದ್ರೆ, ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಮೀನುಗಾರಿಕೆಗೆ ಇಳಿಯೋ ಹಾಗಿಲ್ಲ. ಮೀನು ಮರಿ ಮಾಡೋ ಕಾಲ. ಅಕ್ಕನ ಗಂಡ ಮಲ್ಪೆಯ ಬೋಟಲ್ಲಿ ದುಡಿಯೋರು. ಆ ಎರಡು ತಿಂಗಳು ಅವರಿಗೆ ಬೋಟಿನ ದುಡಿಮೆ ಇಲ್ಲ. ಜಡಿಮಳೆಗೆ ಬಾಡಿಗೆಗೂ ಯಾರೂ ಬರಲ್ಲ. ಆಗ ಊಟಕ್ಕೆ ಈ ಚಾಪೆ ಮೇಲಿರೋದೇ.

‘ಮೊದಲೇ ಹೇಳ್ಬಾರ್ದಿತ್ತಾ ಅಕ್ಕಾ?’

‘ನೀವು ದುಡ್ಡು ಕೊಟ್ಟು ಬಂದದ್ದಲ್ವಾ ಮಾರಾಯ್ರೆ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಮುಖ ಎತ್ತೋಕಾಗ್ಲಿಲ್ಲ. ಚಾಪೆಯ ಒಂದು ತುದಿ ಅವರು ಹಿಡಿದ್ರು, ಇನ್ನೊಂದು ನಾನು. ಅಂಗಳಕ್ಕೆ ವಾಪಸ್ ತಂದ್ವಿ. ಸಂಜೆವರೆಗೂ ನಾನು ಮೀನು ಮಗುಚಿ ಹಾಕ್ತಾ ಕೂತಿದ್ದೆ. ಫೋನ್ ಎಲ್ಲಿಟ್ಟಿದ್ದೆ ಅಂತಾನೂ ನೆನಪಿರಲಿಲ್ಲ. ಆ ರಾತ್ರಿ, ಅದೇ ವಾಸನೆಯಲ್ಲಿ, ಇನ್ನೂ ಚೆನ್ನಾಗಿ ನಿದ್ದೆ ಬಂತು.

ನೀವೂ ಹೋಗಿ, ಖಂಡಿತ ಹೋಗಿ. ಅವರಿಗೂ ಆ ಬಾಡಿಗೆ ಬೇಕು. ಆದ್ರೆ ನಾವು ಕೊಡೋ ದುಡ್ಡು ಕೋಣೆಗೆ. ಅಂಗಳದ ಬಿಸಿಲು ಅವರದ್ದೇ.

ಬರುವಾಗ ಒಂದು ಪೊಟ್ಟಣ ಒಣಮೀನು ದುಡ್ಡು ಕೊಟ್ಟೇ ತಗೊಂಡೆ. ಬಸ್ಸಲ್ಲಿ ಪಕ್ಕದವರು ಮೂಗು ಮುಚ್ಕೊಂಡು, ‘ಇದನ್ನ ಸ್ವಲ್ಪ ಆಚೆ ಇಡ್ತೀರಾ?’ ಅಂದ್ರು.

ನನಗೆ ನಗು ತಡೆಯೋಕಾಗ್ಲಿಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.