ಕುಳ್ಳಿರಿಸುವುದೇ ಸೇವೆಯಲ್ಲ



ಈ ಸಲ ಮಂಗಳೂರಿಗೆ ಬಂದಾಗ ನಾವು ಧಾರವಾಡದ ಕಡೆಯ ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಹಿರಿಯ ತಾಯಿ ಹಾಸಿಗೆಯಲ್ಲಿದ್ದರು. ಊರಲ್ಲಿ ನೀರು ಸೇದಿ, ಮನೆಮಂದಿಗೆಲ್ಲ ರೊಟ್ಟಿ ಬಡಿದ ಕೈ ಅವರದು. "ಅಜ್ಜಾರ, ಇಲ್ಲಿಗೆ ಬಂದ ಮ್ಯಾಲೆ ಅವ್ವಗ ಒಂದು ಕೆಲಸ ಹಚ್ಚಿಲ್ಲರಿ" ಎಂದ ಮಗ. ಲಿಫ್ಟಿನ ಮನೆ, ಮೆಟ್ಟಿಲು ಹತ್ತುವುದೂ ತಪ್ಪಿತ್ತು. ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಕಾಲು ಜಾರಿ ಸೊಂಟದ ಎಲುಬು ಮುರಿಯಿತು. ಮಗನ ಭಕ್ತಿಯಲ್ಲಿ ಕೊರತೆಯಿರಲಿಲ್ಲ, ತಿಳಿವಳಿಕೆಯಲ್ಲಿ ಇತ್ತು.

ಮುಟ್ಟನ್ನು ಮೈಲಿಗೆ ಎನ್ನದ ಶರಣರ ಮಕ್ಕಳು ನಾವು. ಮುಟ್ಟು ನಿಲ್ಲುವ ವಿಷಯ ಮಾತಾಡಲು ಸಂಕೋಚವೇಕೆ? ಸಾಮಾನ್ಯವಾಗಿ 45ರಿಂದ 55ರ ವಯಸ್ಸಿನೊಳಗೆ ಅದು ನಿಲ್ಲುತ್ತದೆ. ಆಗ ದೇಹದಲ್ಲಿ ಈಸ್ಟ್ರೋಜನ್ ಎಂಬ ರಸ ಕುಗ್ಗುತ್ತದೆ. ಎಲುಬು ದಿನವೂ ಸವೆದು ದಿನವೂ ಕಟ್ಟಿಕೊಳ್ಳುವ ವಸ್ತು. ಸವೆತಕ್ಕೆ ಆ ರಸವೇ ಕಡಿವಾಣ. ಕಡಿವಾಣ ಸಡಿಲಾದಾಗ ಕಟ್ಟುವುದಕ್ಕಿಂತ ಸವೆಯುವುದೇ ಹೆಚ್ಚು. ಜೊತೆಗೆ ತೊಡೆಯ ಸ್ನಾಯುವೂ ಕರಗುತ್ತದೆ. ಸ್ನಾಯು ಸೋತವರು ಬೇಗ ಬೀಳುತ್ತಾರೆ. ಎಲುಬು ಸವೆದವರು ಬಿದ್ದರೆ ಮುರಿದುಕೊಳ್ಳುತ್ತಾರೆ.

ಹೊತ್ತ ಭಾರಕ್ಕೆ ತಕ್ಕಂತೆ ಎಲುಬು ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದರು. ಮುಪ್ಪಿನಲ್ಲಿ ಇದು ಸಾಧ್ಯವೇ ಎಂದು ಕೇಳುತ್ತೀರಿ. ಅಮೆರಿಕೆಯ ಬೋಸ್ಟನ್ನಿನಲ್ಲಿ 86ರಿಂದ 96 ವಯಸ್ಸಿನ ವೃದ್ಧರು ಎಂಟು ವಾರ ಕಾಲಿನಿಂದ ಭಾರ ಎತ್ತಿದರು. ಅವರ ಕಾಲ ಬಲ ಎರಡು ಪಟ್ಟಿಗೂ ಮಿಕ್ಕಿತೆಂದು 1990ರಲ್ಲಿ ಪ್ರಕಟವಾಯಿತು. 2018ರಲ್ಲಿ ಆಸ್ಟ್ರೇಲಿಯಾದಿಂದ ಇನ್ನೊಂದು ವರದಿ ಬಂತು. ಮುಟ್ಟು ನಿಂತ, ಎಲುಬು ಸವೆದ ತಾಯಂದಿರು ತಜ್ಞರ ಕಣ್ಣೆದುರಿನಲ್ಲಿ ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಎಂಟು ತಿಂಗಳು ಭಾರ ಎತ್ತಿದಾಗ ಸೊಂಟದ ಎಲುಬು ಸವೆಯದೆ ನಿಂತಿತು. ಹಗುರ ವ್ಯಾಯಾಮ ಮಾಡಿದವರಲ್ಲಿ ಸವೆಯಿತು.

ಆದ್ದರಿಂದ ತಾಯಂದಿರೆ, ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳಿ, ಕುಳಿತುಕೊಳ್ಳಿ. ಕಂಬಿ ಹಿಡಿದು ಮೆಟ್ಟಿಲು ಹತ್ತಿ. ಅರ್ಧ ಕೊಡದಿಂದ ಆರಂಭಿಸಿ, ಭಾರವನ್ನು ಮೆಲ್ಲನೆ ಹೆಚ್ಚಿಸಿ. ಬರಿಯ ಅನ್ನ ಸಾಲದು. ರಾಗಿ, ಹುರುಳಿ, ಎಳ್ಳು, ಹಾಲು, ಬೇಳೆ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೊದಲೇ ಎಲುಬು ಮುರಿದವರು, ಬೆನ್ನು ಬಾಗಿದವರು, ಎದೆಯ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಮಕ್ಕಳೆ, ನೀವು ಅಂಗಳದ ಪಾಚಿ ಉಜ್ಜಿರಿ, ಬಚ್ಚಲಿಗೆ ಹಿಡಿಕೆ ಹಾಕಿಸಿರಿ. ಅದು ಸೇವೆ. ಕಾಯ ಇರುವತನಕ ಕಾಯಕ. ಅದನ್ನು ಕಸಿಯುವುದು ಸೇವೆಯಲ್ಲ.

ಹೊರಡುವಾಗ ಆ ತಾಯಿಯನ್ನು "ಏನು ಬೇಕವ್ವಾ?" ಎಂದು ಕೇಳಿದೆವು. "ಎದ್ದು ಒಂದು ರೊಟ್ಟಿ ಬಡೀಬೇಕ್ರಿ ಅಜ್ಜಾರ" ಎಂದರು. ಶಸ್ತ್ರಚಿಕಿತ್ಸೆಯಾಗಿದೆ, ನಡೆಯಬೇಕೆಂದು ವೈದ್ಯರೂ ಹೇಳಿದ್ದಾರೆ. ಮಗ ತಲೆತಗ್ಗಿಸಿ, ಊರುಗೋಲು ತಂದು ತಾಯಿಯ ಕೈಗೆ ಕೊಟ್ಟ. ಮುಂದಿನ ಸಲ ಆ ರೊಟ್ಟಿಯನ್ನು ಉಣ್ಣಲು ನಾವು ಬರುತ್ತೇವೆಂದು ಮಾತು ಕೊಟ್ಟಿದ್ದೇವೆ.